ಲಂಗದ ಬಣ್ಣಕ್ಕೆ ಒಂದು ವರ್ಷದ ನೋಟಿಸು, ಹೆಡ್ ಟೀಚರಿಗೆ?

ಶಾಲೆಗಳಿಗೆ ಸಂಬಂಧಿಸಿದ ಕರ್ನಾಟಕ ಸರಕಾರದ 1995ರ ನಿಯಮಾವಳಿಯಲ್ಲಿ ಸಮವಸ್ತ್ರದ ಬಗ್ಗೆ ಒಂದು ಪುಟ್ಟ ನಿಯಮವಿದೆ, ಸಂಖ್ಯೆ 11. ಶಾಲೆಯೊಂದು ಯೂನಿಫಾರ್ಮ್ ಗೊತ್ತುಮಾಡಿದ ಮೇಲೆ ಐದು ವರ್ಷ ಅದನ್ನು ಮುಟ್ಟುವ ಹಾಗಿಲ್ಲ. ಆಮೇಲೆ ಬದಲಾಯಿಸುವುದಿದ್ದರೂ ಕಡಿಮೆಯೆಂದರೆ ಒಂದು ವರ್ಷ ಮೊದಲೇ ಹೆತ್ತವರಿಗೆ ನೋಟಿಸು ಕೊಡಬೇಕು. ಒಳ್ಳೆಯ ನಿಯಮವೇ. ಎರಡು ಜೊತೆ ಲಂಗ, ಎರಡು ಶರ್ಟು ಹೊಲಿಸಿದ ಮನೆಗೆ ಅದರ ಬೆಲೆ ಗೊತ್ತು. ಅಕ್ಕನದ್ದು ತಂಗಿಗೆ ಇಳಿಯುವ ಮನೆಗೆ ಇನ್ನೂ ಚೆನ್ನಾಗಿ ಗೊತ್ತು. ಆದರೆ ಅದೇ ಶಾಲೆಯ ಹೆಡ್ ಟೀಚರ್ ಬದಲಾದರೆ, ಸಂಚಾಲಕರು ಬದಲಾದರೆ, ಆಡಳಿತವೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ಹೆತ್ತವರಿಗೆ ಒಂದು ಮಾತು ಮೊದಲೇ ಹೇಳಬೇಕೆಂದು ಆ ನಿಯಮಕ್ಕೆ ಹೊಳೆದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಹೆಣ್ಣುಮಕ್ಕಳನ್ನು ಓದಿಸುತ್ತಿರುವವರು ಬೇಸಗೆ ರಜೆ ಮುಗಿಯುವ ಹೊತ್ತಿಗೆ ಮತ್ತೆ ಮತ್ತೆ ಎತ್ತುವ ಪ್ರಶ್ನೆ, "ಹೆಡ್ ಬದಲಾಗಿದ್ದಾರಂತೆ, ಮಗಳನ್ನು ಅಲ್ಲೇ ಇಡುವುದಾ, ತೆಗೆಯುವುದಾ" ಎಂಬುದು, ಹುಟ್ಟುವುದು ಈ ಖಾಲಿ ಜಾಗದಲ್ಲಿ.

ಈ ಪ್ರಶ್ನೆಯನ್ನು ಅತಿಯಾದ ಅಂಜಿಕೆ ಎಂದು ತಳ್ಳಿಹಾಕುವವರಿದ್ದಾರೆ. ಹಾಗೆ ತಳ್ಳುವ ಮೊದಲು ಹೆಣ್ಣುಮಕ್ಕಳ ಶಾಲೆಯನ್ನು ಜನ ಆರಿಸಿಕೊಳ್ಳುವುದು ಹೇಗೆಂದು ನೋಡಬೇಕು. ಬಾಲಕಿಯರಿಗೆಂದೇ ಇರುವ ಖಾಸಗಿ ಶಾಲೆ ನಮ್ಮ ಈ ಮೂರು ತಾಲೂಕುಗಳಲ್ಲಿ ಬೆರಳೆಣಿಕೆಯವು. ಬಂಟ್ವಾಳದವರಿಗೆ ಮೊಡಂಕಾಪಿನ ಕಾರ್ಮೆಲ್ ನೆನಪಾಗುತ್ತದೆ. ಅದನ್ನು ಬಿಟ್ಟು ಮುಂದೆ ಯೋಚಿಸಿದರೆ ಮಂಗಳೂರಿನ ಸಂತ ಆ್ಯನ್ಸ್, ಕೆನರಾ ಗರ್ಲ್ಸ್, ಬೆಸೆಂಟ್. ಉಜಿರೆಗೂ ಮೂಡುಬಿದಿರೆಗೂ ಮಗಳನ್ನು ಕಳಿಸುವವರು ಆರಿಸುವುದು ಹುಡುಗ ಹುಡುಗಿಯರು ಕೂಡಿ ಓದುವ ಶಾಲೆಯನ್ನಾದರೂ, ಅವರ ಕಣ್ಣಿರುವುದು ಹುಡುಗಿಯರ ಹಾಸ್ಟೆಲಿನ ಮೇಲೆ. ಈ ಆಯ್ಕೆಯಲ್ಲಿ ಫಲಿತಾಂಶದ ಪಾತ್ರ ನಾವು ಅಂದುಕೊಂಡಷ್ಟಿಲ್ಲ. ಜಿಲ್ಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಹಲವು ವರ್ಷ ರಾಜ್ಯದ ಮುಂಚೂಣಿಯಲ್ಲಿರುತ್ತದೆ. 2025ರಲ್ಲಿ ದಕ್ಷಿಣ ಕನ್ನಡಕ್ಕೇ ಮೊದಲ ಸ್ಥಾನ. ಹಲವು ಶಾಲೆಗಳು ನೂರರ ಹತ್ತಿರ ಸುಳಿದಾಡುವಾಗ ಜನ ತೂಗುವುದು ಬೇರೆಯದನ್ನು. ಬಸ್ಸು ತಪ್ಪಿದ ಸಂಜೆ ಹುಡುಗಿಯನ್ನು ಆಫೀಸಿನಲ್ಲಿ ಕೂರಿಸಿಕೊಂಡು ಮನೆಗೆ ಫೋನ್ ಮಾಡುವವರು ಯಾರು? ಹೊಟ್ಟೆನೋವೆಂದು ಬಂದವಳನ್ನು ಗದರಿಸದೆ ಮಲಗಿಸುವವರು ಯಾರು? ಟೀಚರೊಬ್ಬರ ಅಥವಾ ವ್ಯಾನಿನ ಡ್ರೈವರನ ಬಗ್ಗೆ ದೂರು ಬಂದರೆ ಅದನ್ನು ನುಂಗದವರು ಯಾರು? ಹೆತ್ತವರು ಈ ಪ್ರಶ್ನೆಗಳಿಗೆಲ್ಲ ಉತ್ತರವಾಗಿ ಒಂದು ಮುಖವನ್ನು ಕಲ್ಪಿಸಿಕೊಂಡಿರುತ್ತಾರೆ. ಆ ಮುಖ ಹೋಯಿತೆಂದರೆ ಉತ್ತರವೂ ಹೋದ ಹಾಗೆ. ಹಾಗಾಗಿ ಅಂಜಿಕೆಗೆ ಕಾರಣವಿದೆ. ಆದರೆ ಅಂಜಿಕೆ ಹಿಡಿದಿರುವ ಗುರಿ ಸ್ವಲ್ಪ ಪಕ್ಕಕ್ಕೆ ಜಾರಿದೆ ಎಂಬುದು ನನ್ನ ವಾದ.

ಮುಖ್ಯಸ್ಥರು ಬದಲಾಗುವುದರಿಂದಲೇ ಶಾಲೆ ಕೆಡುತ್ತದೆಯೇ? ಕರಾವಳಿಯ ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆ ಹಾಗೆ ಹೇಳುವುದಿಲ್ಲ. ಅಪೋಸ್ತಲಿಕ್ ಕಾರ್ಮೆಲ್ ಎಂಬ ಸನ್ಯಾಸಿನಿಯರ ಸಭೆಯನ್ನು 1868ರಲ್ಲಿ ಫ್ರಾನ್ಸಿನ ಬಯೋನ್ ಎಂಬಲ್ಲಿ ಶುರುಮಾಡಿದ್ದು ಮದರ್ ವೆರೋನಿಕಾ. 1870ರಲ್ಲಿ ಮಂಗಳೂರಿಗೆ ಬಂದು ಇಲ್ಲಿಯ ಮಳೆಗೂ ಸೆಕೆಗೂ ಒಗ್ಗಿಕೊಂಡು ಸಂತ ಆ್ಯನ್ಸಿನ ಬುನಾದಿ ಹಾಕಿದ್ದು ಅವರು ಕಳಿಸಿದ ಸಿಸ್ಟರುಗಳು. ಅಂದರೆ ಸಭೆ ಕಟ್ಟಿದವರು ಒಂದು ಖಂಡದಲ್ಲಿ, ಶಾಲೆ ನಡೆಸಿದವರು ಇನ್ನೊಂದರಲ್ಲಿ. 1921ರಲ್ಲಿ ಸಂತ ಆಗ್ನೆಸ್ ಕಾಲೇಜು ಹುಟ್ಟಿದ್ದು ಇದೇ ಸಭೆಯ ಇನ್ನೊಂದು ತಲೆಮಾರಿನ ಮದರ್ ಅಲೋಶಿಯಾ ಅವರಿಂದ. ಸಿಸ್ಟರುಗಳಿಗೆ ವರ್ಗವಾಗುತ್ತದೆಂಬುದು ಕಾನ್ವೆಂಟಿಗೆ ಮಕ್ಕಳನ್ನು ಕಳಿಸುವ ಪ್ರತಿ ಮನೆಗೂ ತಿಳಿದ ವಿಷಯ. ಇವತ್ತು ಇಲ್ಲಿರುವವರು ನಾಳೆ ಇನ್ನೊಂದು ಊರಿನಲ್ಲಿ. ಅವರ ಜಾಗಕ್ಕೆ ಬರುವವರು ಅದೇ ಸಭೆಯಲ್ಲಿ ತರಬೇತಾದವರು. ಮುಖ ಬದಲಾದರೂ ಶಾಲೆಯ ನಡೆ ಬದಲಾಗದು ಎಂಬ ಭರವಸೆ ಹುಟ್ಟುವುದು ಇಲ್ಲಿಂದ.

ಇನ್ನೊಂದು ಬಗೆ ಕೆನರಾದ್ದು. ಬಂಟ್ವಾಳ ಸೀಮೆಯ ಅಮ್ಮೆಂಬಳವನ್ನು ಹೆಸರಿನಲ್ಲೇ ಹೊತ್ತ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1891ರಲ್ಲಿ ಕೆನರಾ ಹೈಸ್ಕೂಲನ್ನೂ 1894ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನೂ ಆರಂಭಿಸಿದರು. ಕೆನರಾ ಬ್ಯಾಂಕು ಬಂದದ್ದು ಇದೆಲ್ಲ ಆದ ಮೇಲೆ, 1906ರಲ್ಲಿ. 1909ರಲ್ಲಿ ಅವರು ತೀರಿಕೊಂಡಾಗ ಬಾಲಕಿಯರ ಶಾಲೆಗೆ ಬರೀ ಹದಿನೈದು ವರ್ಷ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ಊರಿನ ಬಾಯಿಗೆ ಬೀಳುವ ಸಂಗತಿಯಾಗಿದ್ದ ಕಾಲ ಅದು. ಕಟ್ಟಿದವರು ಹೋದರೆಂದು ಮುಚ್ಚಿಹೋಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಮುಚ್ಚಲಿಲ್ಲ. ಇನ್ನು ಬೆಳ್ತಂಗಡಿಯ ಉದಾಹರಣೆ. ಉಜಿರೆಯಲ್ಲಿ ಎಸ್‌ಡಿಎಂ ಕಾಲೇಜು ಶುರುವಾದದ್ದು 1966ರಲ್ಲಿ, ಧರ್ಮಸ್ಥಳದ ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ. ಎರಡೇ ವರ್ಷಕ್ಕೆ ಅವರು ತೀರಿಕೊಂಡು, 1968ರ ಅಕ್ಟೋಬರಿನಲ್ಲಿ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ವೀರೇಂದ್ರ ಹೆಗ್ಗಡೆಯವರು ಪಟ್ಟಕ್ಕೆ ಬಂದರು. ಎರಡು ವರ್ಷದ ಕೂಸಿನಂಥ ಕಾಲೇಜು, ಎಳೆಯ ವಯಸ್ಸಿನ ಮುಖ್ಯಸ್ಥರು. ಕಾಗದದ ಮೇಲೆ ನೋಡಿದರೆ ಹೆತ್ತವರು ಗಾಬರಿ ಬೀಳಬೇಕಾದ ಲಕ್ಷಣಗಳೆಲ್ಲ ಇದ್ದವು. ಆದರೂ ಆ ಸಂಸ್ಥೆ ಆ ಹೊತ್ತಿನಿಂದಲೇ ಬೆಳೆಯಿತು.

ಸನ್ಯಾಸಿನಿಯರ ಸಭೆ, ಊರ ಗಣ್ಯರ ಸಂಘ, ಕ್ಷೇತ್ರದ ಪರಂಪರೆ: ಈ ಮೂರಕ್ಕೂ ಪರಸ್ಪರ ಹೋಲಿಕೆಯೇ ಇಲ್ಲ. ಒಂದರಲ್ಲಿ ವರ್ಗಾವಣೆ, ಒಂದರಲ್ಲಿ ಸಮಿತಿಯ ನಿರ್ಣಯ, ಒಂದರಲ್ಲಿ ವಂಶದ ಹಕ್ಕು. ಪ್ರಜಾಪ್ರಭುತ್ವದ ಕಣ್ಣಿನಿಂದ ನೋಡಿದರೆ ಮೂರನೆಯದಕ್ಕೆ ಅಂಕವೇ ಸಿಗಲಿಕ್ಕಿಲ್ಲ. ಆದರೂ ಮೂರಕ್ಕೂ ಸಮಾನವಾದ ಒಂದು ಗುಣವಿದೆ. ಇವರು ಹೋದರೆ ಮುಂದೆ ಯಾರು, ಅವರನ್ನು ತೀರ್ಮಾನಿಸುವವರು ಯಾರು ಎಂಬುದು ಹೊರಗಿನವರಿಗೂ ಮೊದಲೇ ಗೊತ್ತಿತ್ತು. ಆದ್ದರಿಂದ ಹೆತ್ತವರ ಅಂಜಿಕೆಯ ನಿಜವಾದ ಮೂಲ ಬದಲಾವಣೆಯಲ್ಲಿಲ್ಲ, ಅದರ ಸುತ್ತಲಿನ ಗುಟ್ಟಿನಲ್ಲಿದೆ. ಏಪ್ರಿಲಿನಲ್ಲಿ ಬೀಳ್ಕೊಡುಗೆ ಸಮಾರಂಭ ಮಾಡಿ, ಶಾಲು ಹೊದೆಸಿ ಕಳಿಸಿದ ಹೆಡ್ ಟೀಚರಿನ ಬಗ್ಗೆ ಯಾರೂ ಪಿಸುಗುಡುವುದಿಲ್ಲ. ನವೆಂಬರಿನ ಒಂದು ಸೋಮವಾರ ಕುರ್ಚಿ ಖಾಲಿ ಇದ್ದು, ಕೇಳಿದರೆ "ರಜೆಯಲ್ಲಿದ್ದಾರೆ" ಎಂಬ ಉತ್ತರ ಬಂದರೆ, ಅದೇ ದಿನ ಮಧ್ಯಾಹ್ನದೊಳಗೆ ಬಿ.ಸಿ.ರೋಡಿನಿಂದ ಗುರುವಾಯನಕೆರೆಯವರೆಗೆ ನಾಲ್ಕು ಕತೆಗಳು ಓಡುತ್ತವೆ. ದುಡ್ಡಿನ ಲೆಕ್ಕದ ಕತೆ ಒಂದು, ಜಾತಿಯ ಕತೆ ಒಂದು, ಟ್ರಸ್ಟಿನೊಳಗಿನ ಜಗಳದ ಕತೆ ಒಂದು. ನಾಲ್ಕನೆಯದನ್ನು ಬರೆಯಬೇಕಾಗಿಲ್ಲ; ಹೆಂಗಸೊಬ್ಬರು ಹುದ್ದೆ ಬಿಟ್ಟರೆ ಊರು ಯಾವ ಕತೆ ಕಟ್ಟುತ್ತದೆಂದು ಎಲ್ಲರಿಗೂ ಗೊತ್ತು.

ಕಳೆದ ಮೂವತ್ತು ವರ್ಷಗಳಲ್ಲಿ ಎದ್ದ ಖಾಸಗಿ ಶಾಲೆಗಳಲ್ಲಿ ಬಹುಪಾಲು ಈ ಹಳೆಯ ಮೂರು ಬಗೆಗೆ ಸೇರಿದವಲ್ಲ. ಒಬ್ಬ ವ್ಯಕ್ತಿ ಅಥವಾ ಒಂದು ಕುಟುಂಬ ಕಟ್ಟಿ, ಈಗಲೂ ತಾವೇ ನಿಂತು ನಡೆಸುತ್ತಿರುವ ಸಂಸ್ಥೆಗಳವು. ಮೂಡುಬಿದಿರೆ ಇವತ್ತು ಜೈನಕಾಶಿ ಎಂಬ ಹೆಸರಿನ ಜೊತೆಗೆ ವಿದ್ಯಾಕಾಶಿ ಎಂದೂ ಕರೆಸಿಕೊಳ್ಳುತ್ತಿರುವುದು ಇಂಥ ಸಾಹಸದಿಂದಲೇ. ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ. ಆದರೆ ಕಟ್ಟಿದವರ ತಲೆಮಾರು ದಾಟುವಾಗ ಏನಾಗುತ್ತದೆ ಎಂಬುದು ಇಂಥ ಕಡೆಗಳಲ್ಲಿ ಹೆಚ್ಚಾಗಿ ಬರೆದಿಟ್ಟ ವಿಷಯವಾಗಿರುವುದಿಲ್ಲ, ಟ್ರಸ್ಟ್ ಡೀಡಿನಲ್ಲಿ ಇದ್ದರೂ ಹೆತ್ತವರು ಅದನ್ನು ಓದಿರುವುದಿಲ್ಲ. ಅನುದಾನಿತ ಹೈಸ್ಕೂಲುಗಳ ಗೋಳು ಬೇರೆ. ಅರುವತ್ತಕ್ಕೆ ನಿವೃತ್ತರಾದವರ ಜಾಗ ತುಂಬಲು ಸರಕಾರದ ಅನುಮತಿ ವರ್ಷಗಟ್ಟಲೆ ಬಾರದೆ, ಇದ್ದವರಲ್ಲಿ ಹಿರಿಯರೊಬ್ಬರು 'ಪ್ರಭಾರ' ಎಂಬ ಪದ ಅಂಟಿಸಿಕೊಂಡು ಗಣಿತದ ಪಾಠವನ್ನೂ ಆಫೀಸನ್ನೂ ಒಟ್ಟಿಗೆ ಎಳೆಯುತ್ತಿರುತ್ತಾರೆ. ಅಲ್ಲಿ ತಪ್ಪು ಆಡಳಿತ ಮಂಡಳಿಯದ್ದಲ್ಲ, ಬೆಂಗಳೂರಿನದ್ದು. ಇದನ್ನೂ ಯಾರಾದರೂ ಹೆತ್ತವರಿಗೆ ಬಿಡಿಸಿ ಹೇಳಿದರೆ ಅರ್ಧ ಗೊಣಗಾಟ ನಿಂತೀತು.

ಇನ್ನು ಕಾನೂನು ಯಾರ ಪಕ್ಕ ನಿಂತಿದೆ ಎಂದು ನೋಡೋಣ. ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಯ ಶಿಕ್ಷಕಿಯನ್ನು ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಮಾಡಿದರೆ ಆಕೆ ಜಿಲ್ಲಾ ನ್ಯಾಯಾಧೀಶರು ಕೂರುವ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಆಡಳಿತ ಮಂಡಳಿಗಳ ಪಕ್ಕದಲ್ಲಿ, ಅದರಲ್ಲೂ ಅಲ್ಪಸಂಖ್ಯಾಕ ಸಂಸ್ಥೆಗಳ ಪಕ್ಕದಲ್ಲಿ, ಸುಪ್ರೀಂ ಕೋರ್ಟಿನ ತೀರ್ಪುಗಳ ಸಾಲೇ ಇದೆ. 1970ರ ಮದರ್ ಪ್ರೊವಿನ್ಶಿಯಲ್ ಪ್ರಕರಣದಲ್ಲಿ, ಖಾಸಗಿ ಕಾಲೇಜುಗಳ ಆಡಳಿತದೊಳಗೆ ಹೊರಗಿನವರನ್ನು ಕೂರಿಸುವ ಕೇರಳದ ಕಾನೂನು ಸಂವಿಧಾನದ 30ನೇ ವಿಧಿಯ ಎದುರು ನಿಲ್ಲಲಿಲ್ಲ. 1998ರಲ್ಲಿ ಕೇರಳದ್ದೇ ಎಂಜೆ ಹೈಸ್ಕೂಲಿನ ಹಿರಿಯ ಶಿಕ್ಷಕರೊಬ್ಬರು ಹೆಡ್‌ಮಾಸ್ಟರ್ ಹುದ್ದೆ ಹಿರಿತನದ ಮೇಲೆ ತನಗೆ ಬರಬೇಕೆಂದು ವಾದಿಸಿದಾಗ, ಯಾರನ್ನು ನೇಮಿಸಬೇಕೆಂಬುದು ಆಡಳಿತದ ಹಕ್ಕೆಂದು ನ್ಯಾಯಾಲಯ ಹೇಳಿತು. 2006ರ ಮಲಂಕರ ಸಿರಿಯನ್ ಕೆಥೊಲಿಕ್ ಕಾಲೇಜಿನ ಪ್ರಕರಣದಲ್ಲೂ ಇದೇ ಧಾಟಿ. ನಮ್ಮ ಮಣಿಪಾಲದ ಹೆಸರನ್ನು ಕಾನೂನಿನ ಪುಸ್ತಕಗಳಿಗೆ ಸೇರಿಸಿದ 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು, ಅನುದಾನ ಪಡೆಯದ ಖಾಸಗಿ ಸಂಸ್ಥೆಗಳಿಗೆಲ್ಲ ಆಡಳಿತದ ಸ್ವಾತಂತ್ರ್ಯವನ್ನು ವಿಸ್ತಾರವಾಗಿ ಗುರುತಿಸಿತು. ಹೆತ್ತವರ ಪಕ್ಕದಲ್ಲಿ? 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರು, ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಖಾಸಗಿ ಅನುದಾನರಹಿತ ಶಾಲೆ ಮಾತ್ರ ಅದರ ಹೊರಗೆ. ಅನುದಾನಿತ ಶಾಲೆಯ ಸಮಿತಿ ಬರೀ ಸಲಹೆ ಕೊಡಬಹುದು. 2014ರ ಪ್ರಮತಿ ತೀರ್ಪಿನ ಬಳಿಕ ಅಲ್ಪಸಂಖ್ಯಾಕ ಶಾಲೆಗಳಿಗೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ಆ ತೀರ್ಪನ್ನು ದೊಡ್ಡ ಪೀಠ ಮತ್ತೆ ನೋಡಲಿ ಎಂದು 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಹೇಳಿದ್ದಾರೆ, ಅಷ್ಟೆ. ಸಿಬಿಎಸ್‌ಇ ಶಾಲೆಗಳ ಆಡಳಿತ ಸಮಿತಿಯಲ್ಲಿ ಹೆತ್ತವರ ಪ್ರತಿನಿಧಿಗಳಿರಬೇಕೆಂಬ ನಿಯಮವಿದೆ. ತನ್ನ ಮಗಳ ಶಾಲೆಯ ಸಮಿತಿಯಲ್ಲಿರುವ ಆ ಪ್ರತಿನಿಧಿಯ ಹೆಸರು ಎಷ್ಟು ಮಂದಿಗೆ ಗೊತ್ತು ಎಂಬುದನ್ನು ಓದುಗರಿಗೇ ಬಿಡುತ್ತೇನೆ.

ಇಲ್ಲಿ ಆಡಳಿತ ಮಂಡಳಿಯವರು ಹೇಳುವ ಮೊದಲ ಮಾತು: ನಮ್ಮ ಶಾಲೆಯ ಮುಖ್ಯಸ್ಥರು ಯಾರಾಗಬೇಕೆಂದು ತೀರ್ಮಾನಿಸುವುದು ನಮ್ಮ ಹಕ್ಕು, ಹೆತ್ತವರಿಗೇನು ಅದರಲ್ಲಿ? ಹಕ್ಕಿನ ಬಗ್ಗೆ ತಕರಾರಿಲ್ಲ. ಮೇಲೆ ಹೇಳಿದ ತೀರ್ಪುಗಳೆಲ್ಲ ಚರ್ಚಿಸಿದ್ದು ಆರಿಸುವ ಅಧಿಕಾರ ಯಾರದ್ದೆಂದು. ಆರಿಸಿದ ಮೇಲೆ ಹೇಳಬಾರದೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಆರಿಸುವ ಹಕ್ಕಿಗೂ ತಿಳಿಯುವ ಹಕ್ಕಿಗೂ ನಡುವೆ ದೊಡ್ಡ ಅಂತರವಿದೆ, ಮತ್ತು ಹೆತ್ತವರು ಕೇಳಬೇಕಾದದ್ದು ಎರಡನೆಯದನ್ನು ಮಾತ್ರ. ಮೊದಲನೆಯದನ್ನೂ ಕೊಟ್ಟು ನೋಡಿದ ಊರೊಂದಿದೆ. ಅಮೆರಿಕದ ಶಿಕಾಗೊದಲ್ಲಿ 1988ರ ಸುಧಾರಣಾ ಕಾನೂನು ಪ್ರತಿ ಸರಕಾರಿ ಶಾಲೆಗೆ ಚುನಾಯಿತ ಸಮಿತಿ ರಚಿಸಿ, ಅದರಲ್ಲಿ ಆರು ಸ್ಥಾನ ಹೆತ್ತವರಿಗೇ ಕೊಟ್ಟಿತು. ಪ್ರಾಂಶುಪಾಲರನ್ನು ನಾಲ್ಕು ವರ್ಷದ ಕರಾರಿನ ಮೇಲೆ ನೇಮಿಸುವುದು, ಮುಂದುವರಿಸುವುದು, ಬಿಡುವುದು ಎಲ್ಲ ಆ ಸಮಿತಿಯ ಕೈಯಲ್ಲಿ. ಕೆಲವು ಶಾಲೆಗಳು ಚಿಗುರಿದವು, ಕೆಲವು ಕಡೆ ಸಮಿತಿಯ ಜಗಳವೇ ಶಾಲೆಯ ಮುಖ್ಯ ಚಟುವಟಿಕೆಯಾಯಿತು. ಅದನ್ನು ಇಲ್ಲಿಗೆ ತರಬೇಕೆಂದು ನಾನು ಹೇಳಲಾರೆ.

ಯಾಕೆಂದರೆ ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಭಾರವಾದದ್ದು, ಅದರಲ್ಲೂ ನಮ್ಮ ಜಿಲ್ಲೆಗಳಲ್ಲಿ. ಹೆತ್ತವರಿಗೆ ಬಾಗಿಲು ತೆರೆದರೆ ಅವರ ಹಿಂದೆಯೇ ಪಕ್ಷ, ಜಾತಿ, ಮತದ ಸಂಘಟನೆಗಳೂ ಒಳಗೆ ಬರುತ್ತವೆ ಎಂಬ ಮಾತು ಸುಳ್ಳಲ್ಲ. ಉಡುಪಿಯ ಸರಕಾರಿ ಬಾಲಕಿಯರ ಪಿಯು ಕಾಲೇಜಿನ ಹಿಜಾಬ್ ಪ್ರಕರಣವನ್ನೇ ನೋಡಿ. ಅಲ್ಲಿನ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. 2021ರ ಕೊನೆಗೆ ಒಂದು ತರಗತಿಯ ಬಾಗಿಲಲ್ಲಿ ಶುರುವಾದದ್ದು 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ಹೊತ್ತಿಗೆ ರಾಜ್ಯವನ್ನೆಲ್ಲ ಸುತ್ತಿ ಬಂದಿತ್ತು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಸಮವಸ್ತ್ರದ ಆ 11ನೇ ನಿಯಮವೂ ಆಗ ವಾದಕ್ಕೆ ಬಂದಿತ್ತು. ಯಾರು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಪ್ರಾಂಶುಪಾಲರ ಕೊಠಡಿಯಲ್ಲಿ ಮುಗಿಯಬಹುದಾಗಿದ್ದ ಮಾತು ಸಮಿತಿಯ ಮೂಲಕ ಬೀದಿಗೆ ಬಂದರೆ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ. ಹಾಗಾದರೆ ಬಾಗಿಲು ಮುಚ್ಚಿಯೇ ಇರಲೇ? ಅನುಭವ ಇದರ ಉಲ್ಟಾ ಹೇಳುತ್ತದೆ. ಶಾಲೆ ಬಾಯಿ ಬಿಡದಿದ್ದಾಗ ಹೆತ್ತವರು ಸುದ್ದಿಗಾಗಿ ಹೋಗುವುದು ಯಾರ ಹತ್ತಿರ? ಊರಿನ ಮುಖಂಡರ ಹತ್ತಿರ, ವಾಟ್ಸ್‌ಆ್ಯಪ್ ಗುಂಪಿನ ಹತ್ತಿರ. ಹೊರಗಿನವರನ್ನು ಶಾಲೆಯ ಅಂಗಳಕ್ಕೆ ಕರೆತರುವುದು ಆ ಮೌನವೇ. ರಾಜಕೀಯ ಬೇಡವೆನ್ನುವ ಸಂಚಾಲಕರು ಎಲ್ಲರಿಗಿಂತ ಮೊದಲು ತಾವೇ ಮಾತಾಡಬೇಕು.

ಮೂರನೆಯ ಆಕ್ಷೇಪವನ್ನು ಯಾರೂ ಬರೆದು ಹೇಳುವುದಿಲ್ಲ, ಕೌಂಟರಿನಲ್ಲಿ ಹೇಳುತ್ತಾರೆ: ಇಷ್ಟವಿಲ್ಲದಿದ್ದರೆ ಟಿಸಿ ತೆಗೆದುಕೊಳ್ಳಿ. ಖಾಸಗಿ ಶಾಲೆ ಅಂಗಡಿಯಿದ್ದ ಹಾಗೆ, ಸರಕು ಹಿಡಿಸದಿದ್ದರೆ ಪಕ್ಕದ ಅಂಗಡಿ ಎಂಬ ತರ್ಕ. ಆದರೆ ಪಕ್ಕದ ಅಂಗಡಿ ಎಲ್ಲಿದೆ? ಒಂಬತ್ತನೇ ತರಗತಿಯ ನಡುವೆ ಟಿಸಿ ತೆಗೆದ ಹುಡುಗಿಗೆ ಹೊಸ ಶಾಲೆ ಸಿಕ್ಕರೂ ಅದು ಎರಡು ಬಸ್ಸಿನ ದೂರದಲ್ಲಿರುತ್ತದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ. ನಮ್ಮ ಒಳರಸ್ತೆಗಳಲ್ಲಿ ಹಾರನ್ ಹೊಡೆಯುತ್ತ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬೀಡಿ ಕಟ್ಟಿ ಮಗಳ ಫೀಸು ಕಟ್ಟುವ ತಾಯಂದಿರು ಬಂಟ್ವಾಳದಲ್ಲಿ ಇಂದಿಗೂ ಇದ್ದಾರೆ, ಜೂನಿನಲ್ಲಿ ಕಟ್ಟಿದ ಡೊನೇಶನ್ ಅವರಿಗೆ ತಿರುಗಿ ಬರುವುದಿಲ್ಲ. ದೂರ ಹೆಚ್ಚಾದರೆ ಹುಡುಗನಿಗೆ ಬಸ್ ಪಾಸ್ ಮಾಡಿಸುವ ಎಷ್ಟೋ ಮನೆ, ಹುಡುಗಿಯ ವಿಷಯದಲ್ಲಿ ಎಸ್ಸೆಸ್ಸೆಲ್ಸಿ ಆದರೆ ಸಾಕು ಎಂದು ಲೆಕ್ಕ ಹಾಕುತ್ತದೆ. ಟಿಸಿಯ ಮಾತನ್ನು ಅಷ್ಟು ಹಗುರವಾಗಿ ಆಡುವವರಿಗೆ ಈ ಲೆಕ್ಕ ಕಾಣುವುದಿಲ್ಲ.

ಉಳಿದದ್ದು ಹೋದವರ ಮಾನದ ಪ್ರಶ್ನೆ. ಹೆಡ್ ಟೀಚರೊಬ್ಬರು ಅನಾರೋಗ್ಯದಿಂದ ಬಿಟ್ಟಿರಬಹುದು, ಮನೆಯ ತೊಂದರೆಯಿಂದ ಬಿಟ್ಟಿರಬಹುದು, ವಿಚಾರಣೆ ನಡೆಯುತ್ತಿರಬಹುದು. ಅದನ್ನೆಲ್ಲ ಸಭೆ ಕರೆದು ಹೇಳಲಾಗದು, ಹೇಳಲೂಬಾರದು. ಈ ಆಕ್ಷೇಪ ನ್ಯಾಯವಾದದ್ದು, ಹೆತ್ತವರು ಇದಕ್ಕೆ ತಲೆಬಾಗಬೇಕು. ಯಾಕೆ ಹೋದರು ಎಂದು ಕೇಳುವ ಚಪಲವನ್ನು ಬಿಟ್ಟು ಈಗ ಯಾರಿದ್ದಾರೆ ಎಂದು ಕೇಳುವುದಕ್ಕೆ ಯಾರ ಮಾನವೂ ಅಡ್ಡಬರುವುದಿಲ್ಲ. ಇವತ್ತಿನಿಂದ ಹೊಣೆ ಹೊತ್ತವರು ಯಾರು, ಅವರು ಪ್ರಭಾರವೋ ಪೂರ್ಣಾವಧಿಯೋ, ಹಾಸ್ಟೆಲಿನ ವಾರ್ಡನ್ನೂ ಬದಲಾಗಿದ್ದಾರೋ, ಹಿಂದಿನವರ ಬಳಿ ಕೊಟ್ಟ ದೂರುಗಳು ಯಾರ ಕೈಗೆ ಬಂದಿವೆ? ಈ ಕೊನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಜೈಲು. ಕಾನೂನು ಅಷ್ಟು ಭಾರದ ಹೊಣೆಯನ್ನು ಒಬ್ಬರ ಹೆಗಲ ಮೇಲಿಟ್ಟಿರುವಾಗ, ಆ ಒಬ್ಬರು ಯಾರೆಂದು ಮೂರು ತಿಂಗಳು ಯಾರಿಗೂ ಖಚಿತವಿಲ್ಲದ ಶಾಲೆಯನ್ನು ಸುರಕ್ಷಿತವೆನ್ನುವುದು ಹೇಗೆ? ಹುಡುಗಿಯರಂತೂ ಈ ಎಡೆಯನ್ನು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ. ಹಳೆಯ ಟೀಚರಿಗೆ ಹೇಳಿಕೊಳ್ಳುತ್ತಿದ್ದವಳು ಹೊಸಬರು ಬಂದ ಮೇಲೆ ಮೊದಲಿನಿಂದ ಹೇಳಲು ಹೋಗುವುದಿಲ್ಲ, ಸುಮ್ಮನಾಗುತ್ತಾಳೆ.

ಹೆತ್ತವರ ಪಾಲಿನ ತಪ್ಪನ್ನೂ ಹೇಳಬೇಕು. ಹಳೆಯ ಹೆಡ್ ಟೀಚರನ್ನು ದೇವರ ಪಟದ ಪಕ್ಕ ಇಟ್ಟು, ಹೊಸಬರನ್ನು ಮೊದಲ ದಿನದಿಂದಲೇ ಅಳೆಯುವುದು ನಮ್ಮಲ್ಲಿ ರೂಢಿ. ಸಹಿ ಸಂಗ್ರಹಿಸಿ ಬಿಇಒ ಕಚೇರಿಗೆ ಹೋಗುವವರಲ್ಲಿ ಎಷ್ಟು ಮಂದಿ ರಕ್ಷಕ-ಶಿಕ್ಷಕ ಸಂಘದ ಹಿಂದಿನ ಮೂರು ಸಭೆಗೆ ಹೋಗಿದ್ದರು? ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವ ದಿನ ತುಂಬಿದ ಹಾಲ್, ನಿಯಮಾವಳಿ ಓದುವ ದಿನ ಖಾಲಿ. ಇನ್ನೊಂದು ಮಾತು, ಬೇಸರವಾದರೂ ಸರಿ: ಹೊಸದಾಗಿ ಬಂದವರು ಬೇರೆ ಸಮುದಾಯದವರೆಂಬುದೇ ಕೆಲವರ ಆತಂಕದ ತಳದಲ್ಲಿರುತ್ತದೆ, ಮೇಲೆ ಶಿಸ್ತು, ಸುರಕ್ಷತೆ ಎಂಬ ಹೆಸರಿರುತ್ತದೆ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಡಿಕೇರಿಯ ಹೈಸ್ಕೂಲಿಗೆ ಹೆಡ್‌ಮಾಸ್ಟರಾಗಿ ಹೋದಾಗ ಕೊಡಗಿಗೆ ಅವರೂ ಹೊರಗಿನವರೇ. ಕೊಡಗರು ಅವರನ್ನು ಇವತ್ತಿಗೂ ನೆನೆಯುತ್ತಾರೆ.

ಒಂದು ಕೊನೆಯ ಪ್ರಶ್ನೆ ಉಳಿಯಿತು: ಇದಕ್ಕೆ ಹೊಸ ಕಾನೂನೇ ಬೇಕೇ? ಸಮವಸ್ತ್ರದ ನಿಯಮದ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದರೆ ಒಳ್ಳೆಯದು. ನಿವೃತ್ತಿ, ವರ್ಗಾವಣೆಯಂಥ ಮೊದಲೇ ಗೊತ್ತಿರುವ ಬದಲಾವಣೆಯನ್ನು ಒಂದು ಅವಧಿ ಮೊದಲು, ಹಠಾತ್ತಾದದ್ದನ್ನು ವಾರದೊಳಗೆ ಹೆತ್ತವರಿಗೆ ಬರವಣಿಗೆಯಲ್ಲಿ ತಿಳಿಸತಕ್ಕದ್ದು ಎಂದರೆ ಸಾಕು, ಕಾರಣ ಕೊಡಬೇಕಾಗಿಲ್ಲ. ಆದರೆ ಬೆಂಗಳೂರು ಅದನ್ನು ಬರೆಯುವವರೆಗೆ ಕಾಯಬೇಕಾದ ಶಾಲೆ ಒಂದೂ ಇಲ್ಲ. ಪ್ರತಿ ಮೇ ತಿಂಗಳ ಕೊನೆಗೆ ಮನೆಗೆ ಬರುವ ಸುತ್ತೋಲೆಯಲ್ಲಿ ಶೂವಿನ ಬಣ್ಣವಿರುತ್ತದೆ, ರಿಬ್ಬನ್ನಿನ ಅಗಲವಿರುತ್ತದೆ, ಫೀಸಿನ ಎರಡನೇ ಕಂತಿನ ತಾರೀಕಿರುತ್ತದೆ, ವ್ಯಾನು ಮೆಲ್ಕಾರಿಗೆ ಎಷ್ಟು ಗಂಟೆಗೆ ಬರುತ್ತದೆಂದಿರುತ್ತದೆ. ಹೆಡ್ ಟೀಚರಿನ ಹೆಸರು, ಅವರನ್ನು ಕಾಣಬಹುದಾದ ಹೊತ್ತು, ಅವರಿಲ್ಲದ ದಿನ ಯಾರನ್ನು ಕೇಳಬೇಕೆಂಬ ಒಂದು ಸಾಲು ಆ ಹಾಳೆಯ ತುದಿಯಲ್ಲಿ ಹಿಡಿಯದೆ ಹೋಗುವುದಿಲ್ಲ.